ನಾಡಿ ಹಿಡಿದು ಪ್ರೀತಿ ಹುಡುಕಿದವರು

ಕ್ರಿ.ಪೂ. 294ರ ಆಸುಪಾಸು. ಒಬ್ಬ ರಾಜಕುಮಾರ ಹಾಸಿಗೆ ಹಿಡಿದಿದ್ದಾನೆ. ಊಟ ಬೇಡ, ಮಾತು ಬೇಡ, ದಿನದಿಂದ ದಿನಕ್ಕೆ ಸೊರಗುತ್ತಿದ್ದಾನೆ. ಹೆಸರು ಆಂಟಿಯೋಕಸ್. ಅವನ ಅಪ್ಪ ಸೆಲ್ಯೂಕಸ್ ನಿಕೇಟರ್ ಅಂದ್ರೆ ನಾವು ಹೈಸ್ಕೂಲಿನ ಸಮಾಜ ಪಾಠದಲ್ಲಿ ಓದಿದ ಅದೇ ಸೆಲ್ಯೂಕಸ್. ಚಂದ್ರಗುಪ್ತ ಮೌರ್ಯನಿಗೆ ಸಿಂಧೂ ಕಡೆಯ ಸೀಮೆ ಬಿಟ್ಟುಕೊಟ್ಟು 500 ಆನೆ ಹೊಡಕೊಂಡು ಹೋದವನು. ಆ ಚಂದ್ರಗುಪ್ತ ಕೊನೆಗಾಲಕ್ಕೆ ಶ್ರವಣಬೆಳಗೊಳದ ಬೆಟ್ಟ ಹತ್ತಿದ ಅಂತ ಜೈನ ಪರಂಪರೆ ಹೇಳುತ್ತೆ. ಹಾಗಾಗಿ ಈ ಸೆಲ್ಯೂಕಸನ ಮನೆತನ ನಮಗೆ ತೀರಾ ಅಪರಿಚಿತ ಏನಲ್ಲ ಅಂತಿಟ್ಟುಕೊಳ್ಳಿ.

ಹುಡುಗನಿಗೆ ಏನಾಗಿದೆ ಅಂತ ಯಾರಿಗೂ ತಿಳಿಯಲಿಲ್ಲ. ಎರಾಸಿಸ್ಟ್ರಾಟಸ್ ಎಂಬ ವೈದ್ಯನಿಗೆ ಮಾತ್ರ ಇದು ಪ್ರೀತಿಯ ಕಾಯಿಲೆ ಅಂತ ಅನುಮಾನ ಬಂತು. ಆದರೆ ಯಾರ ಮೇಲೆ? ಅವನು ದಿನವಿಡೀ ರೋಗಿಯ ಕೋಣೆಯಲ್ಲೇ ಕೂತ. ಯಾರ್ಯಾರು ಒಳಗೆ ಬರ್ತಾರೆ, ಬಂದಾಗ ಹುಡುಗನಿಗೆ ಏನೇನಾಗುತ್ತೆ ಅಂತ ನೋಡ್ತಾ ಇದ್ದ. ಎಷ್ಟು ಜನ ಬಂದು ಹೋದರೂ ಏನೂ ಇಲ್ಲ. ಸ್ಟ್ರಾಟೋನೀಸ್ ಬಂದಾಗ ಮಾತ್ರ ಮಾತು ತೊದಲಿತು, ಮುಖ ಕೆಂಪಾಯಿತು, ಬೆವರು ಕಿತ್ತುಕೊಂಡು ಬಂತು, ಎದೆ ಹೊಡೆದುಕೊಳ್ಳತೊಡಗಿತು, ಆಮೇಲೆ ಮುಖ ಬಿಳಿಚಿಕೊಂಡಿತು. ಗುಟ್ಟು ರಟ್ಟಾಯಿತು. ತೊಂದರೆ ಏನಪ್ಪಾ ಅಂದ್ರೆ ಸ್ಟ್ರಾಟೋನೀಸ್ ಸೆಲ್ಯೂಕಸನ ಹೆಂಡತಿ, ಹುಡುಗನ ಮಲತಾಯಿ.

ಕತೆಯ ಮುಂದಿನ ಭಾಗ ಪಕ್ಕಾ ಸಿನಿಮಾ. ವೈದ್ಯ ರಾಜನ ಹತ್ತಿರ ಹೋಗಿ, ನಿನ್ನ ಮಗ ನನ್ನ ಹೆಂಡತಿಯನ್ನ ಪ್ರೀತಿಸ್ತಿದಾನೆ ಅಂತ ಸುಳ್ಳು ಹೇಳ್ತಾನೆ. ಹಾಗಾದ್ರೆ ಬಿಟ್ಟುಕೊಡು ಅಂತಾನೆ ರಾಜ. ನಿನ್ನ ಹೆಂಡತಿಯೇ ಆಗಿದ್ದರೆ ಬಿಟ್ಟುಕೊಡ್ತಿದ್ಯಾ ಅಂತ ವೈದ್ಯ ಕೇಳ್ತಾನೆ. ಖಂಡಿತ, ರಾಜ್ಯವನ್ನೂ ಕೊಡ್ತಿದ್ದೆ ಅಂತಾನೆ ರಾಜ. ಹಾಗೇ ಮಾಡಿದ ಕೂಡ. ಸ್ಟ್ರಾಟೋನೀಸಳನ್ನು ಮಗನಿಗೆ ಮದುವೆ ಮಾಡಿಸಿ, ರಾಜ್ಯದ ಪೂರ್ವಭಾಗವನ್ನೂ ವಹಿಸಿದ.

ಯೂರೋಪಿನ ಚಿತ್ರಕಾರರು ಈ ಕೋಣೆಯನ್ನು ಮತ್ತೆ ಮತ್ತೆ ಬರೆದಿದ್ದಾರೆ. ಮಲಗಿದ ಹುಡುಗ, ಕೈ ಹಿಡಿದ ವೈದ್ಯ, ಪಕ್ಕದಲ್ಲಿ ನಿಂತ ರಾಣಿ. ದೇಹ ಸುಳ್ಳು ಹೇಳಲ್ಲ ಅನ್ನೋ ನಂಬಿಕೆಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಜನಪ್ರಿಯ ಕತೆ ಸಿಗೋದು ಕಷ್ಟ. ಇವತ್ತು ನಮ್ಮ ಫೋನಿನಲ್ಲಿ ಓಡೋ "ಅವಳಿಗೆ ನೀವಂದ್ರೆ ಇಷ್ಟ ಅನ್ನೋದಕ್ಕೆ ಏಳು ಗುರುತು" ರೀಲ್ಸುಗಳೆಲ್ಲ ಇದರ ಮರಿಮಕ್ಕಳು.

ಆದರೆ ಈ ಕತೆಯಲ್ಲಿ ಎರಡು ಕಡೆ ನನಗೆ ಗಂಟು ಬಿಡಿಸಬೇಕು ಅನ್ನಿಸಿತು. ಮೊದಲನೆಯದು, ಇದನ್ನು ಹೇಳುವ ಪ್ಲೂಟಾರ್ಕ್ ಬರೆದದ್ದು ಘಟನೆ ಆಗಿ ಸುಮಾರು ನಾನೂರು ವರ್ಷದ ಮೇಲೆ. ಆ ತೊದಲು, ಬೆವರು, ಬಿಳಿಚಿದ ಮುಖದ ಪಟ್ಟಿ ಎಲ್ಲಿಂದ ಬಂತು ಅನ್ನೋದನ್ನ ಅವನು ಮುಚ್ಚಿಡೋದೂ ಇಲ್ಲ. ಗ್ರೀಕ್ ಕವಯಿತ್ರಿ ಸಾಫೋ ಹೇಳಿದ ಗುರುತುಗಳೆಲ್ಲ ಹುಡುಗನಲ್ಲಿ ಕಂಡವು ಅಂತಾನೆ. ಅಂದ್ರೆ ವೈದ್ಯನ ಕೈಯಲ್ಲಿರೋ ಪಟ್ಟಿ ಆಸ್ಪತ್ರೆಯದ್ದಲ್ಲ, ಕವಿತೆಯದ್ದು. ಪ್ರೀತಿಸಿದವರ ಮೈ ಹೀಗೆ ಆಡುತ್ತೆ ಅಂತ ಒಬ್ಬ ಕವಿ ಹೇಳಿದಳು, ಜನ ಅದನ್ನೇ ಲಕ್ಷಣ ಅಂತ ಹಿಡಕೊಂಡರು, ಆಮೇಲೆ ಇತಿಹಾಸಕಾರ ಅದನ್ನೇ ಸಾಕ್ಷಿಯಾಗಿ ಬರೆದ.

ಎರಡನೆಯದು, ಸ್ಟ್ರಾಟೋನೀಸ್. ಆಕೆಗೆ ಆಗಲೇ ಸೆಲ್ಯೂಕಸನಿಂದ ಒಂದು ಮಗು ಇತ್ತು. ಆ ಕೋಣೆಯಲ್ಲಿ ಹುಡುಗನ ನಾಡಿ, ಹುಡುಗನ ಬೆವರು, ಹುಡುಗನ ಮುಖದ ಬಣ್ಣ ಎಲ್ಲದರ ಲೆಕ್ಕ ಇದೆ. ಆಕೆಯ ಮುಖದಲ್ಲಿ ಏನಿತ್ತು ಅನ್ನೋದು ಯಾರಿಗೂ ಬೇಕಾಗಲಿಲ್ಲ. ಸೆಲ್ಯೂಕಸ್ ಸಭೆ ಕರೆದು ತೀರ್ಮಾನ ಹೇಳಿದಾಗ ಒಂದು ಮಾತು ಸೇರಿಸಿದ ಅಂತ ಪ್ಲೂಟಾರ್ಕ್ ಬರೀತಾನೆ: ಇದು ರೂಢಿಯಲ್ಲಿಲ್ಲದ ಮದುವೆ ಅಂತ ಆಕೆ ಹಿಂದೇಟು ಹಾಕಿದರೆ, ರಾಜ ಮಾಡಿದ್ದೆಲ್ಲ ಒಳ್ಳೆಯದಕ್ಕೇ ಅಂತ ಆಕೆಗೆ ತಿಳಿಹೇಳಬೇಕು ಅಂತ ಸ್ನೇಹಿತರನ್ನು ಕೇಳಿಕೊಂಡನಂತೆ. ಅಷ್ಟೇ.

ಇಲ್ಲಿಂದ ಸುಮಾರು ನಾನೂರೈವತ್ತು ವರ್ಷ ದಾಟಿ ರೋಮ್‌ಗೆ ಬರೋಣ. ಈ ಪ್ರಶ್ನೆಯ ಬಗ್ಗೆ ನನಗೆ ಗೊತ್ತಿರೋ ಅತ್ಯಂತ ಬುದ್ಧಿವಂತ ಕೆಲಸ ನಡೆದಿದ್ದು ಅಲ್ಲೇ. ಕ್ರಿ.ಶ. 160ರ ದಶಕ. ಗೇಲೆನ್ ಎಂಬ ವೈದ್ಯನನ್ನ ಜಸ್ಟಸ್ ಅನ್ನೋನ ಹೆಂಡತಿಯನ್ನು ನೋಡೋಕೆ ಕರೆಸಿದರು. ಆಕೆಗೆ ರಾತ್ರಿ ನಿದ್ದೆ ಇಲ್ಲ, ಮಗ್ಗಲು ಬದಲಿಸಿ ಬದಲಿಸಿ ಬೆಳಗಾಗುತ್ತೆ. ಜ್ವರ ಇಲ್ಲ. ಕೇಳಿದರೆ ಅರ್ಧಂಬರ್ಧ ಉತ್ತರ ಕೊಟ್ಟು, ಮಗ್ಗಲು ತಿರುಗಿ, ಮುಸುಕು ಎಳ್ಕೊಂಡು ಮಲಗಿಬಿಟ್ಟಳು. ಒಂದೋ ಇದು ದೇಹದ ದೋಷದಿಂದ ಬಂದ ಮಂಕು, ಇಲ್ಲವೇ ಆಕೆ ಏನೋ ಮುಚ್ಚಿಡ್ತಿದಾಳೆ, ಎರಡರಲ್ಲಿ ಒಂದು ಅಂತ ಗೇಲೆನ್ ಅಂದುಕೊಂಡ.

ಒಂದು ದಿನ ಆಕೆಯ ಹತ್ತಿರ ಇದ್ದಾಗ ರಂಗಮಂದಿರದಿಂದ ಯಾರೋ ಬಂದು, ಪೈಲಡೀಸ್ ಕುಣಿಯೋದು ನೋಡ್ಕೊಂಡು ಬಂದೆ ಅಂದರು. ಪೈಲಡೀಸ್ ಆಗಿನ ಹೆಸರಾಂತ ನರ್ತಕ. ಆಕೆಯ ಮುಖದ ಬಣ್ಣ ಬದಲಾಯಿತು. ಗೇಲೆನ್ ತಕ್ಷಣ ಆಕೆಯ ಮುಂಗೈ ಮೇಲೆ ಕೈ ಇಟ್ಟ. ನಾಡಿ ಅಡ್ಡಾದಿಡ್ಡಿ ಓಡುತ್ತಿತ್ತು.

ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡ್ತಿದ್ದೆವು. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡ್ಕೊಂಡ ಅಲ್ವಾ, ಮುಗೀತು ಪಂಚಾಯ್ತಿ. ಗೇಲೆನ್ ನಿಲ್ಲಿಸಲಿಲ್ಲ. ಮಾರನೇ ದಿನ ತನ್ನ ಶಿಷ್ಯನೊಬ್ಬನಿಗೆ ಹೇಳಿಕೊಟ್ಟ: ನಾನು ಆಕೆಯ ಹತ್ತಿರ ಕೂತ ಸ್ವಲ್ಪ ಹೊತ್ತಿಗೆ ನೀನು ಒಳಗೆ ಬಂದು, ಇವತ್ತು ಮಾರ್ಫಸ್ ಕುಣೀತಿದಾನೆ ಅನ್ನು. ಶಿಷ್ಯ ಬಂದು ಹೇಳಿದ. ನಾಡಿ ಅಲ್ಲಾಡಲಿಲ್ಲ. ಅದರ ಮಾರನೇ ದಿನ ಮೂರನೇ ನರ್ತಕನ ಹೆಸರು. ಆಗಲೂ ನಾಡಿ ತಣ್ಣಗೆ. ನಾಲ್ಕನೇ ದಿನ ಮತ್ತೆ ಪೈಲಡೀಸ್ ಹೆಸರು ಹೇಳಿಸಿದ. ನಾಡಿ ಎಗರಾಡಿತು. ಆಗ ಗೇಲೆನ್ ಹೂಂ ಅಂದ.

ಕೋಡ್ ಬರೆಯೋರಿಗೆ ಇದು ಏನು ಅಂತ ನಾನು ಹೇಳಬೇಕಾಗಿಲ್ಲ. ಒಂದು ಸಲ ಕೆಟ್ಟ ಪ್ರೋಗ್ರಾಮ್ ನೋಡಿ ಕಾರಣ ಹೇಳೋದು ಬೇರೆ, ಒಂದೊಂದೇ ಇನ್‌ಪುಟ್ ಬದಲಿಸಿ ಮತ್ತೆ ಮತ್ತೆ ಓಡಿಸಿ ನೋಡೋದು ಬೇರೆ. ಹದಿನೆಂಟೂವರೆ ಶತಮಾನದ ಹಿಂದೆ ಒಬ್ಬ ಮನುಷ್ಯ ಹೆಂಗಸಿನ ಮುಂಗೈ ಹಿಡಿದು ಟೆಸ್ಟ್ ಕೇಸ್ ಓಡಿಸ್ತಾ ಕೂತಿದ್ದ.

ಇಷ್ಟು ಮಾಡಿಯೂ ಅವನು ಪ್ರೀತಿಗೇ ಅಂತ ಒಂದು ನಾಡಿ ಇದೆ ಅಂತ ಹೇಳಲಿಲ್ಲ. ಆ ಕಾಲಕ್ಕೆ ಹಾಗೆ ಹೇಳೋ ವೈದ್ಯರಿದ್ದರು, ಎರಾಸಿಸ್ಟ್ರಾಟಸ್ ಕಂಡುಹಿಡಿದದ್ದೂ ಅದನ್ನೇ ಅಂತಿದ್ದರು. ಗೇಲೆನ್ ಒಪ್ಪಲಿಲ್ಲ. ಮನಸ್ಸು ಕಲಕಿದರೆ ನಾಡಿ ಕಲಕುತ್ತೆ, ಅಷ್ಟೇ ಅಂದ. ಅದೇ ಪುಸ್ತಕದಲ್ಲಿ ಈ ಹೆಂಗಸಿನ ಕತೆಯ ಹಿಂದೆಯೇ ಇನ್ನೊಬ್ಬ ರೋಗಿಯ ಕತೆ ಇದೆ. ಒಬ್ಬ ಶ್ರೀಮಂತನ ಮನೆಯಲ್ಲಿ ಹಣಕಾಸು ನೋಡಿಕೊಳ್ತಿದ್ದ ಗುಲಾಮ. ಅವನಿಗೂ ನಿದ್ದೆ ಇಲ್ಲ, ಅವನೂ ಸೊರಗಿದ್ದಾನೆ. ಪ್ರೀತಿ ಗೀತಿ ಏನೂ ಅಲ್ಲ. ಯಜಮಾನನಿಗೆ ಲೆಕ್ಕ ಒಪ್ಪಿಸೋ ದಿನ ಹತ್ತಿರ ಬಂದಿತ್ತು, ಲೆಕ್ಕದಲ್ಲಿ ದುಡ್ಡು ಕಮ್ಮಿ ಇತ್ತು! ಲೆಕ್ಕ ಕೇಳಲ್ಲ ಅಂತ ಗೊತ್ತಾದ ಮೇಲೆ ಸರಿಹೋದ.

ಒಂದು ಕಡೆ ನರ್ತಕ, ಇನ್ನೊಂದು ಕಡೆ ಆಡಿಟ್. ದೇಹಕ್ಕೆ ಎರಡೂ ಒಂದೇ. ಶುಕ್ರವಾರ ಸಂಜೆ ಪ್ರೊಡಕ್ಷನ್ ರಿಲೀಸ್ ಇಟ್ಟುಕೊಂಡ ರಾತ್ರಿ ನನ್ನ ಕೈಯಲ್ಲಿರೋ ವಾಚು ಹಾರ್ಟ್ ರೇಟ್ ತೋರಿಸೋದನ್ನ ಬೇರೆ ಯಾರಾದ್ರೂ ನೋಡಿದರೆ, ಇವನು ಯಾರ ಹಿಂದೆಯೋ ಬಿದ್ದಿದಾನೆ ಅಂತಲೇ ಅಂದ್ಕೋತಾರೆ.

ಗೇಲೆನ್ನನ ಈ ಉಪಾಯ ಪರ್ಷಿಯಾ ಕಡೆಗೂ ಹೋಯಿತು. 11ನೇ ಶತಮಾನದ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಪ್ರೇಮರೋಗಕ್ಕೆ ಒಂದು ವಿಭಾಗವನ್ನೇ ಇಟ್ಟಿದಾನೆ. ರೋಗಿಯ ನಾಡಿ ಹಿಡಿದು ಹೆಸರುಗಳನ್ನ ಹೇಳ್ತಾ ಹೋಗಿ. ನಾಡಿ ತಟಕ್ಕನೆ ಬದಲಾದರೆ ಗುರುತಿಟ್ಟುಕೊಳ್ಳಿ. ಮತ್ತೆ ಮತ್ತೆ ಅದೇ ಹೆಸರಿಗೆ ಬದಲಾಗುತ್ತಾ ನೋಡಿ. ಆಮೇಲೆ ಬೀದಿ, ಮನೆ, ಕಸುಬು ಒಂದೊಂದಾಗಿ ಹೇಳಿ ಅಂತಾನೆ. ಮತ್ತೆ ಮತ್ತೆ ಅನ್ನೋದೇ ಇಲ್ಲಿ ಮುಖ್ಯ. ನೋಡೋ ಮನುಷ್ಯನಿಗೆ ತನ್ನ ಊಹೆ ಮೇಲೆ ಅನುಮಾನ ಇದ್ದರೆ ಮಾತ್ರ ಮತ್ತೆ ಮತ್ತೆ ನೋಡ್ತಾನೆ.

ನಮ್ಮ ಕಡೆಯವರು ಇದರ ಬಗ್ಗೆ ಏನು ಅಂದ್ಕೊಂಡಿದ್ದರು? ಕೌಟಿಲ್ಯ ಇಂಗಿತ ಮತ್ತು ಆಕಾರ ಅಂತ ಎರಡು ಮಾತು ಬಳಸ್ತಾನೆ. ನಡವಳಿಕೆಯಲ್ಲಿ ಕಾಣೋ ಬದಲಾವಣೆ ಒಂದು, ಮುಖಚಹರೆಯಲ್ಲಿ ಕಾಣೋದು ಇನ್ನೊಂದು. ಅವನಿಗೆ ಇದು ಪ್ರೀತಿಯ ವಿಷಯವೇ ಅಲ್ಲ. ರಾಜನ ಗುಟ್ಟು ಮಂತ್ರಿಯ ಮುಖದಿಂದ ಸೋರಿಹೋಗಬಾರದು ಅನ್ನೋ ಚಿಂತೆ. ದನದ ಜಾತ್ರೆಯಲ್ಲಿ ಟವಲ್ಲಿನ ಕೆಳಗೆ ಕೈ ಇಟ್ಟು ಬೆರಳಿನಲ್ಲೇ ವ್ಯಾಪಾರ ಕುದುರಿಸೋ ದಲ್ಲಾಳಿಗಳನ್ನ ಚಿಕ್ಕಂದಿನಲ್ಲಿ ನೋಡಿದೀನಿ. ಬೆರಳು ಕೋಟಿ ಮಾತಾಡ್ತಿದ್ದರೂ ಮುಖ ಮಾತ್ರ ಬಂಡೆ. ಕೌಟಿಲ್ಯ ಕಂಡಿದ್ದರೆ ಖುಷಿ ಪಡ್ತಿದ್ದ.

ಪ್ರೀತಿಯ ಗುರುತುಗಳ ಪಟ್ಟಿ ಬೇಕಾದರೆ ವಾತ್ಸ್ಯಾಯನನ ಹತ್ತಿರ ಹೋಗಬೇಕು. ಕಾಮಸೂತ್ರದ ಮೂರನೇ ಅಧಿಕರಣದಲ್ಲಿ ಹುಡುಗಿಗೆ ಮನಸ್ಸಿದೆ ಅನ್ನೋದಕ್ಕೆ ಉದ್ದನೆಯ ಪಟ್ಟಿ ಇದೆ. ಅವಳು ಎದುರಿಗೆ ನಿಂತು ನೋಡುವುದಿಲ್ಲ. ಅವನು ನೋಡಿದರೆ ನಾಚುತ್ತಾಳೆ. ಅವನು ಬೇರೆ ಕಡೆ ತಿರುಗಿದಾಗ ನೋಡುತ್ತಾಳೆ. ಏನಾದರೂ ಕೇಳಿದರೆ ತಲೆ ತಗ್ಗಿಸಿ, ಮುಗುಳ್ನಕ್ಕು, ಅಸ್ಪಷ್ಟವಾಗಿ ಉತ್ತರ ಕೊಡುತ್ತಾಳೆ. ಹತ್ತಿರ ಇರೋದು ಅವಳಿಗೆ ಇಷ್ಟ. ಮಡಿಲಲ್ಲಿರೋ ಮಗುವನ್ನು ಅವನ ಎದುರಿಗೆ ಅಪ್ಪಿ ಮುದ್ದು ಮಾಡುತ್ತಾಳೆ.

ಗಮನಿಸಿ. ನೋಡಿದರೂ ಗುರುತು, ನೋಡದಿದ್ದರೂ ಗುರುತು. ಇಫ್ ಕಡೆ ಹೋದರೂ ಹೌದು, ಎಲ್ಸ್ ಕಡೆ ಹೋದರೂ ಹೌದು ಅಂತ ಬರೋ ಕೋಡನ್ನು ರಿವ್ಯೂನಲ್ಲಿ ಯಾರೂ ಪಾಸ್ ಮಾಡಲ್ಲ. ವಾತ್ಸ್ಯಾಯನನನ್ನ ಹೀಯಾಳಿಸೋದು ನನ್ನ ಉದ್ದೇಶ ಅಲ್ಲ. ಆ ಪಟ್ಟಿ ಯಾರಿಗಾಗಿ ಬರೆದದ್ದು ಅನ್ನೋದನ್ನ ನೋಡಬೇಕು. ಓದುವವನು ಹುಡುಗ. ಅವನಿಗೆ ಬೇಕಾಗಿರೋದು ಹೌದು ಅನ್ನೋ ಉತ್ತರ. ಮೇಲಾಗಿ ತಲೆ ತಗ್ಗಿಸೋದು, ಅಸ್ಪಷ್ಟವಾಗಿ ಮಾತಾಡೋದು ಎಲ್ಲ ಅಪರಿಚಿತ ಗಂಡಸಿನ ಎದುರು ಹೆಣ್ಣುಮಗಳಿಗೆ ಮನೆಯವರು ಕಲಿಸಿಕೊಟ್ಟ ಮರ್ಯಾದೆಯೂ ಹೌದು. ನಮ್ಮೂರಲ್ಲಿ ಹುಡುಗಿ ಯಾರಾದ್ರೂ ಹುಡುಗನನ್ನ ಎರಡು ಕ್ಷಣ ಹೆಚ್ಚು ನೋಡಿದರೆ ಅವಳು ಮನೆ ಮುಟ್ಟೋದಕ್ಕಿಂತ ಮುಂಚೆ ಸುದ್ದಿ ಮನೆ ಮುಟ್ಟಿರುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಆಫೀಸಿನ ಲಿಫ್ಟಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಗುಡ್ ಮಾರ್ನಿಂಗ್ ಅನ್ನೋದು ಬರೀ ಸೌಜನ್ಯ. ಒಂದೇ ನೋಟ, ಎರಡು ಊರಲ್ಲಿ ಎರಡು ಬೆಲೆ.

ಭರತಮುನಿ ಈ ವಿಷಯದಲ್ಲಿ ಹೆಚ್ಚು ಎಚ್ಚರ. ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವ ಬರುತ್ತವಲ್ಲ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟೋದು, ಬೆವರು, ಮೈ ಜುಮ್ಮೆನ್ನೋದು, ಸ್ವರ ಒಡೆಯೋದು, ನಡುಕ, ಬಣ್ಣಗೆಡೋದು, ಕಣ್ಣೀರು, ಎಚ್ಚರ ತಪ್ಪೋದು. ಸಾಫೋ ಪಟ್ಟಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಆದರೆ ಭರತ ಪ್ರತಿಯೊಂದಕ್ಕೂ ಕಾರಣಗಳ ಸಾಲನ್ನೇ ಕೊಡ್ತಾನೆ. ಬೆವರು ಸಿಟ್ಟಿನಿಂದ ಬರಬಹುದು, ಭಯದಿಂದ, ಹರ್ಷದಿಂದ, ನಾಚಿಕೆಯಿಂದ, ದುಃಖದಿಂದ, ದಣಿವಿನಿಂದ, ಕಾಯಿಲೆಯಿಂದ, ಸೆಕೆಯಿಂದ. ಮೈ ಜುಮ್ಮೆನ್ನೋದು ಚಳಿಗೂ ಆಗುತ್ತೆ. ನಟನಿಗೆ ಇದು ಗೊತ್ತಿರಲೇಬೇಕು. ಯಾಕಂದ್ರೆ ಬೆವರು ಒಂದನ್ನೇ ತೋರಿಸಿದರೆ ಪ್ರೇಕ್ಷಕನಿಗೆ ಏನೂ ತಿಳಿಯಲ್ಲ. ಎದುರಿಗೆ ಯಾರಿದ್ದಾರೆ, ಹಿಂದೆ ಏನು ನಡೆದಿದೆ ಅನ್ನೋದು ಗೊತ್ತಿದ್ದರೆ ಮಾತ್ರ ಅದು ಶೃಂಗಾರ.

ನಡುಕ ಅಂದಾಗ ನನ್ನ ಚಿಕ್ಕಮ್ಮ ನೆನಪಾಗ್ತಾರೆ. ಅವರನ್ನ ನೋಡೋಕೆ ಗಂಡಿನ ಕಡೆಯವರು ಬಂದ ದಿನ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದುವಂತೆ. ಗಂಡಿನ ಅಜ್ಜಿ ನಕ್ಕು, "ಮಗೀಗೆ ನಾಚ್ಕೆ ಕಣ್ರೋ, ಒಪ್ಕೊಂಡವ್ಳೆ" ಅಂದರಂತೆ. ನಡುಮನೆಯೆಲ್ಲ ನಕ್ಕಿತು. ಮದುವೆ ನಿಕ್ಕಿ ಆಯಿತು. ಈ ಕತೆ ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ತಮಾಷೆಯಾಗಿ ಬರ್ತಿತ್ತು. ನಾನು ಇಂಜಿನಿಯರಿಂಗ್ ಮುಗಿಸಿದ ವರ್ಷ ಒಂದು ದಿನ ಅವರೊಬ್ಬರೇ ಅಡುಗೆಮನೆಯಲ್ಲಿದ್ದಾಗ ಅದೇ ತಮಾಷೆ ತೆಗೆದೆ. "ನಾಚ್ಕೆ ಅಲ್ಲ ಕಣಪ್ಪ, ಹೆದ್ರಿಕೆ. ಸೆಕೆಂಡ್ ಪಿಯುಸಿ ಪರೀಕ್ಷೆಗೆ ಇನ್ನ ಹದ್ನೈದು ದಿನ ಇತ್ತು" ಅಂದರು. ಮತ್ತೆ ಯಾಕೆ ಹೇಳಲಿಲ್ಲ ಚಿಕ್ಕಮ್ಮ ಅಂದೆ. "ಕೇಳಿದ್ರಲ್ವಾ ಹೇಳೋದು" ಅಂದು ಒಗ್ಗರಣೆಗೆ ಸಾಸಿವೆ ಹಾಕಿದರು.

ಮೌನಂ ಸಮ್ಮತಿ ಲಕ್ಷಣಂ ಅಂತ ಮಾತಿದೆಯಲ್ಲ, ನಮ್ಮ ಹೆಣ್ಣು ನೋಡೋ ಶಾಸ್ತ್ರ ನಿಂತಿರೋದೇ ಅದರ ಮೇಲೆ. ದೇಹದ ಭಾಷೆ ಓದೋದು ಅಂದ್ರೆ ಕಾಫಿ ಶಾಪಿನ ಹುಡುಗರ ಹವ್ಯಾಸ ಅಂತ ನಾವು ಅಂದ್ಕೊಂಡಿದೀವಿ. ಎಷ್ಟೋ ತಲೆಮಾರುಗಳ ಮದುವೆಗಳನ್ನ ನಾವು ತಗ್ಗಿದ ತಲೆ, ನಡುಗುವ ಕೈ ಓದಿಯೇ ಮಾಡಿದೀವಿ.

ಕಾಳಿದಾಸನಿಗೆ ಈ ಓದಿನ ಪೊಳ್ಳು ಚೆನ್ನಾಗಿ ಗೊತ್ತಿತ್ತು. ಶಾಕುಂತಲದ ಮೊದಲ ಅಂಕದಲ್ಲಿ ಶಕುಂತಲೆ ಗೆಳತಿಯರ ಜೊತೆ ಹೊರಡೋವಾಗ ಕಾಲಿಗೆ ದರ್ಭೆ ಚುಚ್ಚಿತು ಅಂತ ನಿಲ್ಲುತ್ತಾಳೆ, ನಾರುಮಡಿ ಗಿಡಕ್ಕೆ ಸಿಕ್ಕಿತು ಅಂತ ತಿರುಗುತ್ತಾಳೆ. ನಾವೆಲ್ಲ ಶಾಲೆಯಲ್ಲಿ ಇದನ್ನೇ ಪ್ರೀತಿಯ ಮೊದಲ ಸಾಕ್ಷಿ ಅಂತ ಓದಿದವರು. ಎರಡನೇ ಅಂಕದಲ್ಲಿ ದುಷ್ಯಂತ ಇದನ್ನೆಲ್ಲ ವಿದೂಷಕನಿಗೆ ಹೇಳಿಕೊಂಡು ಬೀಗುತ್ತಾನೆ. ಆದರೆ ಅದಕ್ಕೆ ಮುಂಚೆ, ಅದೇ ಅಂಕದ ಶುರುವಿನಲ್ಲಿ, ಅವನೇ ತನ್ನನ್ನು ನೋಡಿ ನಕ್ಕುಕೊಳ್ತಾನೆ: ಅವಳ ನೋಟ, ಅವಳ ನಡಿಗೆ, ಗೆಳತಿಯ ಮೇಲೆ ಅವಳು ರೇಗಿದ್ದು, ಎಲ್ಲಾ ನನಗಾಗಿಯೇ ಅಂತ ಅನ್ನಿಸ್ತಿದೆ, ಪ್ರೀತಿಗೆ ಬಿದ್ದವನಿಗೆ ಕಂಡದ್ದೆಲ್ಲ ತನ್ನದೇ ಅನ್ನೋ ಅರ್ಥದ ಮಾತು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತ ನಾವು ಹೇಳೋದನ್ನೇ ರಾಜ ಸಂಸ್ಕೃತದಲ್ಲಿ ಹೇಳಿಕೊಳ್ತಾನೆ.

ನನಗೆ ಇನ್ನೂ ಇಷ್ಟವಾಗೋದು ಮೂರನೇ ಅಂಕ. ಶಕುಂತಲೆ ತಾಪದಿಂದ ಮಲಗಿದ್ದಾಳೆ. ಅನಸೂಯೆಗೆ ಅನುಮಾನ ಇದೆ. ಆದರೆ ಅವಳು ನಾಡಿ ಹಿಡಿಯಲ್ಲ. ಪ್ರೀತಿ ವಿಷಯ ನಮಗೆ ಗೊತ್ತಿಲ್ಲ, ಕತೆಗಳಲ್ಲಿ ಕೇಳಿದ ಪ್ರೇಮಿಗಳ ಅವಸ್ಥೆ ಹೇಗಿರುತ್ತೋ ನಿನ್ನದೂ ಹಾಗೇ ಕಾಣ್ತಿದೆ, ಕಾಯಿಲೆ ಏನು ಅಂತ ತಿಳಿಯದೆ ಮದ್ದು ಮಾಡೋಕಾಗಲ್ಲ, ಏನು ಅಂತ ನೀನೇ ಹೇಳು ಅಂತ ನೇರವಾಗಿ ಕೇಳ್ತಾಳೆ. ಶಕುಂತಲೆ ಹೇಳ್ತಾಳೆ. ಆಮೇಲೆ ತಾವರೆ ಎಲೆಯ ಮೇಲೆ ಉಗುರಿನಿಂದ ಪತ್ರ ಬರೀತಾಳೆ. ಗಿಡದ ಮರೆಯಲ್ಲಿ ನಿಂತು ಕಣ್ಣು, ಕೆನ್ನೆ, ಉಸಿರು ಓದ್ತಾ ಇದ್ದ ರಾಜ ಹೊರಗೆ ಬರೋದು ಅವಳು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ ಮೇಲೆಯೇ. ಅನಸೂಯೆ ಹತ್ತಿರ ಇದ್ದದ್ದೂ ಪ್ಲೂಟಾರ್ಕನಂಥದ್ದೇ, ಕತೆಗಳಿಂದ ಬಂದ ಪಟ್ಟಿ. ಅದನ್ನವಳು ಉತ್ತರ ಅಂದ್ಕೊಳ್ಳಲಿಲ್ಲ, ಪ್ರಶ್ನೆ ಕೇಳೋಕೆ ಬಳಸಿದಳು.

ಮುಂದಿನ ಸಾವಿರದೈನೂರು ವರ್ಷ ಬೇಗ ದಾಟೋಣ. 1872ರಲ್ಲಿ ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟಣೆ ಬಗ್ಗೆ ದಪ್ಪ ಪುಸ್ತಕ ಬರೆದ. ಭಯ, ಸಿಟ್ಟು, ಅಸಹ್ಯ ಎಲ್ಲಕ್ಕೂ ಯಾವ ಸ್ನಾಯು ಎಲ್ಲಿ ಎಳೆಯುತ್ತೆ ಅಂತ ವಿವರ ಕೊಟ್ಟವನು ಪ್ರೀತಿಗೆ ಬಂದಾಗ ಕೈಚೆಲ್ಲಿದ. ಮನುಷ್ಯ ಪಡುವ ಅತ್ಯಂತ ಬಲವಾದ ಭಾವಗಳಲ್ಲಿ ಇದೊಂದು, ಆದರೆ ಇದಕ್ಕೇ ಅಂತ ಮೀಸಲಾದ ಗುರುತು ಇಲ್ಲ ಅನ್ನೋದು ಅವನ ತೀರ್ಮಾನ. ಗೇಲೆನ್ ಹೇಳಿದ್ದೇ ಮತ್ತೆ.

ಆದರೂ ವ್ಯಾಪಾರ ನಿಲ್ಲಲಿಲ್ಲ. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಸಣ್ಣ ಪ್ರಯೋಗಗಳಿಂದ ಹುಟ್ಟಿದ ಮಾತಿಗೆ 7, ದನಿಗೆ 38, ಮುಖಕ್ಕೆ 55 ಅನ್ನೋ ಶೇಕಡಾ ಲೆಕ್ಕ ನಿಮಗೂ ಗೊತ್ತಿರುತ್ತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಫ್ಟ್ ಸ್ಕಿಲ್ಸ್ ತರಬೇತಿಗೆ ಬಂದವರೊಬ್ಬರು ಅದನ್ನ ಪೈ ಚಾರ್ಟ್ ಮಾಡಿ ತೋರಿಸಿ, ನೋಡಿ, ಮಾತಿಗೆ ಬೆಲೆಯೇ ಇಲ್ಲ ಅಂದಿದ್ದರು, ಎರಡು ಗಂಟೆ ಮಾತಾಡಿ. ಅಸಲಿಗೆ ಆ ಪ್ರಯೋಗದಲ್ಲಿ ಇದ್ದದ್ದು ಒಂದೊಂದೇ ಪದ. ಪದ, ದನಿ, ಮುಖ ಒಂದಕ್ಕೊಂದು ತಾಳೆಯಾಗದಾಗ ಮೆಚ್ಚುಗೆ ಇದೆಯೋ ಇಲ್ಲವೋ ಅಂತ ಕೇಳುವವರು ಯಾವುದನ್ನ ನಂಬ್ತಾರೆ ಅನ್ನೋದಷ್ಟೇ ಪ್ರಶ್ನೆ. ಎಲ್ಲ ಮಾತುಕತೆಗೂ ಇದನ್ನ ಹಚ್ಚಬೇಡಿ ಅಂತ ಮೆಹ್ರಾಬಿಯನ್ನರೇ ಹೇಳಿದ್ದಾರೆ. ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ಜನ ಯಾವುದನ್ನ ನಂಬ್ತಾರೆ ಅನ್ನೋದು ಬೇರೆ, ಅವರು ನಂಬಿದ್ದು ನಿಜವಾಗಿತ್ತಾ ಅನ್ನೋದು ಬೇರೆ.

ಆ ಎರಡನೇ ಪ್ರಶ್ನೆಯನ್ನ ಕೆಲವರು ಕೇಳಿದರು. 1974ರಲ್ಲಿ ಡಟನ್ ಮತ್ತು ಆರನ್ ಕೆನಡಾದ ಕ್ಯಾಪಿಲಾನೋ ತೂಗುಸೇತುವೆ ದಾಟೋ ಗಂಡಸರನ್ನ ಹಿಡಿದರು. ಕೆಳಗೆ 230 ಅಡಿ ಆಳ, ಸೇತುವೆ ಗಾಳಿಗೆ ಓಲಾಡುತ್ತೆ. ಅಲ್ಲಿ ಒಬ್ಬ ಯುವತಿ ಕೆಲವು ಪ್ರಶ್ನೆ ಕೇಳಿ, ಹೆಚ್ಚಿನ ಮಾಹಿತಿ ಬೇಕಾದರೆ ಅಂತ ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ತಗೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ತಗ್ಗಾದ ಗಟ್ಟಿ ಸೇತುವೆ ಮೇಲೆ ನಂಬರ್ ತಗೊಂಡ 16 ಜನರಲ್ಲಿ ಮಾಡಿದ್ದು 2 ಜನ. ಸೇತುವೆಯ ಭಯಕ್ಕೆ ಹೊಡೆದುಕೊಂಡ ಎದೆಯನ್ನ ಅವರು ಹುಡುಗಿಗೆ ಹೊಡೆದುಕೊಂಡಿದ್ದು ಅಂದುಕೊಂಡರು ಅನ್ನೋದು ಸಂಶೋಧಕರ ವಿವರಣೆ. ಅಂದ್ರೆ ಬೇರೆಯವರ ನಾಡಿ ಹಾಗಿರಲಿ, ನಮ್ಮ ನಾಡಿಯನ್ನೇ ನಾವು ತಪ್ಪಾಗಿ ಓದ್ತೀವಿ.

1982ರಲ್ಲಿ ಆಂಟೋನಿಯಾ ಆಬ್ಬೀ ಒಂದು ಹುಡುಗ ಒಂದು ಹುಡುಗಿಯನ್ನ ಕೂರಿಸಿ ಐದು ನಿಮಿಷ ಮಾತಾಡಿಸಿದರು. ಇನ್ನೊಂದು ಜೋಡಿ ಮರೆಯಿಂದ ನೋಡ್ತಿತ್ತು. ಮಾತಾಡಿದ ಹುಡುಗನಿಗೂ, ನೋಡಿದ ಹುಡುಗನಿಗೂ ಆ ಹುಡುಗಿ ಆಕರ್ಷಿಸೋಕೆ ನೋಡ್ತಿದಾಳೆ ಅಂತ ಹೆಚ್ಚಾಗಿ ಕಂಡಿತು. ಅದನ್ನೇ ನೋಡಿದ ಹುಡುಗಿಯರಿಗೆ ಅಷ್ಟಾಗಿ ಹಾಗೆ ಕಾಣಲಿಲ್ಲ. ಇದನ್ನ ಓದಿದ ಮೇಲೆ ನನ್ನ ಹಳೆಯ ಟೀಮಿನ ಸಹೋದ್ಯೋಗಿಯೊಬ್ಬಳು ಕ್ಯಾಬಿನಲ್ಲಿ ಹೇಳಿದ್ದು ಅರ್ಥವಾಯಿತು. ಕೆಲಸಕ್ಕೆ ಸೇರಿದ ವರ್ಷ ಎಲ್ಲರನ್ನೂ ನೋಡಿ ನಗ್ತಿದ್ದವಳು, ಎರಡನೇ ವರ್ಷದಿಂದ ಊಟದ ಹೊತ್ತು ಬಿಟ್ಟರೆ ಹೆಡ್‌ಫೋನ್ ತೆಗೀತಿರಲಿಲ್ಲ. ಎಷ್ಟೋ ಹೊತ್ತು ಅದರಲ್ಲಿ ಹಾಡೇ ಇರಲ್ಲ ಅಂದಿದ್ದಳು. ನಕ್ಕರೆ ಆಮೇಲೆ ಅದಕ್ಕೆ ವಿವರಣೆ ಕೊಡ್ತಾ ಕೂರಬೇಕು, ನಗದಿದ್ದರೆ ಜಂಬದವಳು ಅಂತಾರೆ ಅಷ್ಟೇ, ಅದು ಅಗ್ಗ ಅಂದಳು. ತಪ್ಪು ಓದಿನ ಬಿಲ್ಲು ಯಾರ ಟೇಬಲ್ಲಿಗೆ ಹೋಗುತ್ತೆ ಅನ್ನೋದು ಹೀಗೆ. ಓದಿದವನಿಗೆ ಒಂದು ವಾರದ ಬೇಜಾರು. ಅವಳಿಗೆ ವರ್ಷಗಟ್ಟಲೆ ಕಿವಿಗೆ ಬಿರಡೆ.

ಹಾಗಂತ ದೇಹ ಏನೂ ಹೇಳೋದೇ ಇಲ್ಲ ಅಂತಲ್ಲ. ಅಮೆರಿಕದ ಮೋನಿಕಾ ಮೂರ್ 1985ರಲ್ಲಿ 200ಕ್ಕೂ ಹೆಚ್ಚು ಹೆಂಗಸರನ್ನ ಗಮನಿಸಿ, ಕಣ್ಣೋಟ, ಕೂದಲು ಸರಿಸೋದು, ತಲೆ ಕೊಂಕಿಸೋದು ಅಂತ 52 ಬಗೆಯ ಚಲನೆ ಪಟ್ಟಿ ಮಾಡಿದರು. ಅವು ಹೆಚ್ಚು ಹೆಚ್ಚು ಕಂಡಷ್ಟೂ ಗಂಡಸರು ಬಂದು ಮಾತಾಡಿಸೋದು ಹೆಚ್ಚಿತ್ತು. ಬಂದು ಮಾತಾಡಿಸಬಹುದು ಅನ್ನೋದಷ್ಟೇ ಅದರ ಅರ್ಥ. ಯಾವುದೋ ಒಂದು ಕೂದಲೆಳೆ ಸರಿಸಿದ್ದಕ್ಕೆ ಅಲ್ಲಿ ಬೆಲೆ ಇಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜರ್ಮನಿಯ ಸ್ಪೀಡ್ ಡೇಟಿಂಗ್ ವಿಡಿಯೋಗಳನ್ನ ಅಪರಿಚಿತರಿಗೆ ತೋರಿಸಿ, ಯಾರಿಗೆ ಯಾರ ಮೇಲೆ ಆಸಕ್ತಿ ಇದೆ ಹೇಳಿ ಅಂದರು. ಗಂಡಸರ ಮನಸ್ಸನ್ನ ಸುಮಾರಾಗಿ ಊಹಿಸಿದರು. ಹೆಂಗಸರದ್ದು ಬಂದಾಗ ಊಹೆ ಹೆಚ್ಚು ಎಡವಿತು.

ಕೊನೆಯದೊಂದು ಪ್ರಯೋಗ ಹೇಳದೆ ಇರೋಕಾಗಲ್ಲ, ಯಾಕಂದ್ರೆ ಇದು ಎರಾಸಿಸ್ಟ್ರಾಟಸನ ಕೋಣೆಯನ್ನೇ ಮತ್ತೆ ಕಟ್ಟಿದ ಹಾಗಿದೆ. ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಎಲಿಷ್ಕಾ ಪ್ರೊಖಾಜ್ಕೋವಾ ಮತ್ತು ಜೊತೆಗಾರರು ಅಲ್ಲಿನ ಉತ್ಸವಗಳಲ್ಲಿ ಒಂದು ಸಣ್ಣ ಕ್ಯಾಬಿನ್ ಹಾಕಿ, ಒಬ್ಬರನ್ನೊಬ್ಬರು ಹಿಂದೆಂದೂ ನೋಡದ ಹುಡುಗ ಹುಡುಗಿಯರನ್ನ ಎದುರು ಬದುರು ಕೂರಿಸಿದರು. ಕಣ್ಣು ಎಲ್ಲಿ ಹೋಗುತ್ತೆ ಅಂತ ಹಿಡಿಯೋ ಕನ್ನಡಕ, ಎದೆಬಡಿತ ಅಳೆಯೋ ಉಪಕರಣ, ಬೆರಳಿನ ಬೆವರು ಅಳೆಯೋ ತಂತಿ, ಎಲ್ಲಾ ಸಿದ್ಧ. 2021ರ ಕೊನೆಗೆ ಫಲಿತಾಂಶ ಬಂತು. ನಗು, ಕಣ್ಣೋಟ, ಒಬ್ಬರ ಭಂಗಿಯನ್ನ ಇನ್ನೊಬ್ಬರು ಅನುಕರಿಸೋದು, ರೀಲ್ಸಿನವರು ಹೇಳೋ ಗುರುತುಗಳೆಲ್ಲ ಇವೇ ತಾನೆ, ಇವುಗಳಿಗೂ ಆಕರ್ಷಣೆಗೂ ಗಟ್ಟಿ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ಕಣ್ಣಿಗೆ ಕಾಣದ್ದಕ್ಕೆ. ಇಬ್ಬರ ಎದೆಬಡಿತ, ಇಬ್ಬರ ಚರ್ಮದ ಬೆವರು ಒಟ್ಟೊಟ್ಟಿಗೆ ಏರಿ ಒಟ್ಟೊಟ್ಟಿಗೆ ಇಳಿದ ಜೋಡಿಗಳಲ್ಲಿ ಆಕರ್ಷಣೆ ಹೆಚ್ಚು. ಗಮನಿಸಿ, ಒಬ್ಬರ ನಾಡಿ ಅಲ್ಲ, ಇಬ್ಬರದೂ. ಸ್ಟ್ರಾಟೋನೀಸಳ ಕೈಯನ್ನೂ ಯಾರೋ ಹಿಡಿದಿದ್ದರೆ ಏನು ಸಿಗ್ತಿತ್ತೋ.

ಇಷ್ಟೆಲ್ಲ ಯಂತ್ರ ಇಟ್ಟುಕೊಂಡ ಆ ವಿಜ್ಞಾನಿಗಳಿಗೆ, ಇಂಥ ಜೋಡಿಯಲ್ಲಿ ಆಕರ್ಷಣೆ ಇದೆ, ಇಂಥದ್ದರಲ್ಲಿ ಇಲ್ಲ ಅಂತ ಹೇಗೆ ಗೊತ್ತಾಯಿತು? ಗ್ರಾಫನ್ನ ಯಾವುದಕ್ಕೆ ಹೋಲಿಸಿ ಸರಿ ತಪ್ಪು ಹೇಳಿದರು ಅಂತ ನಾನು ಲೇಖನದಲ್ಲಿ ಹುಡುಕಿದೆ. ಮೇಜಿನ ಮಧ್ಯೆ ಒಂದು ತೆರೆ ಇತ್ತು. ಅದು ಮುಚ್ಚಿಕೊಂಡ ಮೇಲೆ, ಎದುರಿನವರಿಗೆ ಕಾಣದ ಹಾಗೆ, ಒಬ್ಬೊಬ್ಬರಿಗೂ ಪ್ರಶ್ನೆಪತ್ರಿಕೆ ಕೊಟ್ಟು, ಇವರು ನಿಮಗೆ ಎಷ್ಟು ಇಷ್ಟವಾದರು, ಇನ್ನೊಮ್ಮೆ ಭೇಟಿಯಾಗ್ತೀರಾ ಅಂತ ಕೇಳಿದ್ದರು.